ಗೋಲಿಯಾಟಕ್ಕೂ ಶಾಲಾ ಕ್ರೀಡಾಕೂಟದಲ್ಲಿ ಜಾಗ ಕೊಡಿ

ಮಾನ್ಯ ಸಂಪಾದಕರೇ,

ಗಾಜಿನ ಗೋಲಿಯನ್ನು ಗುರಿಯಿಟ್ಟು ಹೊಡೆಯುವ ಆಟವನ್ನೇ ಆಧಾರವಾಗಿಟ್ಟುಕೊಂಡು ಜಪಾನಿನವರು ಎರಡು ದಶಕಗಳ ಕಾಲ ಆಟಿಕೆಗಳನ್ನೂ ಅವುಗಳ ಸುತ್ತ ಹೆಣೆದ ಆನಿಮೇಷನ್ ಸರಣಿಗಳನ್ನೂ ತಯಾರಿಸಿದ್ದಾರೆ. ‘ಬಿ-ಡಾಮನ್’ ಎಂಬ ಹೆಸರಿನ ಈ ಸರಣಿಗಳನ್ನು ನಮ್ಮ ಕೋಲಾರ ಜಿಲ್ಲೆಯ ಕೆಲವು ಮಕ್ಕಳು ಈಗ ಮೊಬೈಲಿನಲ್ಲಿ ಹುಡುಕಿಕೊಂಡು ನೋಡುತ್ತಿದ್ದಾರೆ. ಅದೇ ಮಕ್ಕಳು ಶಾಲೆಯ ಹಿಂದಿನ ಬಯಲಿನಲ್ಲಿ ನಿಜವಾದ ಗೋಲಿ ಹಿಡಿದು ಕುಳಿತರೆ ಅದನ್ನು ಕಿತ್ತುಕೊಂಡು ಮೇಜಿನ ಡ್ರಾಯರಿಗೆ ಹಾಕುವ ಪದ್ಧತಿ ನಮ್ಮಲ್ಲಿ ಇನ್ನೂ ಹೋಗಿಲ್ಲ. ದೈಹಿಕ ಶಿಕ್ಷಣ ಶಿಕ್ಷಕನಾಗಿ ದುಡಿದು ನಿವೃತ್ತನಾಗಿರುವ ನಾನು, ಮೊಮ್ಮಗನ ಪಕ್ಕದಲ್ಲಿ ಕುಳಿತು ಈ ಸರಣಿಯನ್ನು ಗಮನವಿಟ್ಟು ನೋಡಿದ ಮೇಲೆ, ಗೋಲಿಯಾಟಕ್ಕೆ ಬರವಣಿಗೆಯಲ್ಲಿ ನಿಯಮಗಳನ್ನು ರೂಪಿಸಿ ಅದನ್ನು ಹೋಬಳಿ ಮಟ್ಟದ ಶಾಲಾ ಕ್ರೀಡಾಕೂಟದಲ್ಲಿ ಸೇರಿಸಬೇಕೆಂಬ ಅಭಿಪ್ರಾಯಕ್ಕೆ ಬಂದಿದ್ದೇನೆ. ಅದರ ಕಾರಣಗಳನ್ನು ತಮ್ಮ ಪತ್ರಿಕೆಯ ಮೂಲಕ ಶಿಕ್ಷಕರ, ಪೋಷಕರ ಮತ್ತು ಶಿಕ್ಷಣ ಇಲಾಖೆಯವರ ಗಮನಕ್ಕೆ ತರಲು ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ಈ ಬಿ-ಡಾಮನ್ ಏನೆಂಬುದನ್ನು ಹೇಳಬೇಕು. 1983ರಲ್ಲಿ ಹಡ್ಸನ್ ಕಂಪನಿ ‘ಬಾಂಬರ್‌ಮನ್’ ಎಂಬ ವಿಡಿಯೋ ಗೇಮ್ ಹೊರತಂದಿತ್ತು. ಅದರ ದುಂಡು ತಲೆಯ ಪುಟ್ಟ ಬೊಂಬೆಯ ಆಕಾರವನ್ನೇ ತೆಗೆದುಕೊಂಡು ಟಕಾರಾ ಎಂಬ ಆಟಿಕೆ ಕಂಪನಿ 1993ರಲ್ಲಿ ಹೊಟ್ಟೆಯಿಂದ ಗೋಲಿ ಹಾರಿಸುವ ಬೊಂಬೆಯನ್ನು ಮಾರುಕಟ್ಟೆಗೆ ಬಿಟ್ಟಿತು. ಮಕ್ಕಳ ಮಾಸಪತ್ರಿಕೆ ‘ಕೊರೊಕೊರೊ ಕಾಮಿಕ್’ ಇದರ ಚಿತ್ರಕಥೆಗಳನ್ನು ಪ್ರಕಟಿಸಿತು. 1998ರಲ್ಲಿ ಬಾಂಬರ್‌ಮನ್ ಹೆಸರಿನಲ್ಲೇ ಮೊದಲ ಟಿ.ವಿ. ಸರಣಿ ಬಂತು. 2004ರಲ್ಲಿ ‘ಬ್ಯಾಟಲ್ ಬಿ-ಡಾಮನ್’ ಬಂದು 52 ಕಂತುಗಳಲ್ಲಿ ಪ್ರಸಾರವಾಯಿತು. ಮರುವರ್ಷ ಅದರ ಮುಂದುವರಿದ ಭಾಗವೂ ಬಂತು. 2006ರಲ್ಲಿ ‘ಕ್ರ್ಯಾಶ್ ಬಿ-ಡಾಮನ್’, 2011ರಲ್ಲಿ ‘ಕ್ರಾಸ್ ಫೈಟ್ ಬಿ-ಡಾಮನ್’ ತೆರೆಕಂಡವು. ಟಕಾರಾ ಕಂಪನಿ 2006ರಲ್ಲಿ ಟೋಮಿ ಕಂಪನಿಯೊಂದಿಗೆ ಒಂದಾಯಿತು; ಬುಗುರಿಯನ್ನು ಆಧರಿಸಿದ ಬೇಬ್ಲೇಡ್ ಎಂಬ ಆಟಿಕೆಯೂ ಇದೇ ಕಂಪನಿಯದು ಎಂದರೆ ಇಂದಿನ ಮಕ್ಕಳಿಗೆ ಕೂಡಲೇ ಗುರುತು ಸಿಗುತ್ತದೆ. ಬ್ಯಾಟಲ್ ಬಿ-ಡಾಮನ್ ಸರಣಿಯನ್ನು ತಯಾರಿಸಿದ ನಿಪ್ಪಾನ್ ಆನಿಮೇಷನ್ ಸಂಸ್ಥೆ ನಮಗೂ ಅಪರಿಚಿತವಲ್ಲ. ತೊಂಬತ್ತರ ದಶಕದಲ್ಲಿ ದೂರದರ್ಶನದಲ್ಲಿ ಭಾನುವಾರ ಬೆಳಿಗ್ಗೆ ಹಿಂದಿಯಲ್ಲಿ ಬರುತ್ತಿದ್ದ, ಊರಿಗೆ ಊರೇ ಟಿ.ವಿ. ಇದ್ದವರ ಮನೆಯಲ್ಲಿ ಸೇರಿ ನೋಡುತ್ತಿದ್ದ ಮೋಗ್ಲಿಯ ಸರಣಿಯನ್ನು ಮಾಡಿದವರೂ ಅವರೇ.

ಈ ಬೊಂಬೆ ಕೆಲಸ ಮಾಡುವ ಬಗೆ ಬಹಳ ಸರಳವಾದದ್ದು. ಗೋಲಿ ತಲೆಯ ಕಡೆಯಿಂದ ಒಳಗಿಳಿದು ಹೊಟ್ಟೆಯ ಭಾಗದಲ್ಲಿ ನಿಲ್ಲುತ್ತದೆ. ಅಲ್ಲಿ ಎರಡು ಪಕ್ಕದ ಹಿಡಿಗಳು ಅದನ್ನು ಅಮುಕಿ ಹಿಡಿದಿರುತ್ತವೆ. ಬೆನ್ನಿನ ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಿದಾಗ ಆ ಹಿಡಿಗಳು ಅಗಲಗೊಳ್ಳುತ್ತವೆ. ಗೋಲಿಯ ದಪ್ಪನೆಯ ನಡುಭಾಗ ದಾಟಿದೊಡನೆ ಅವು ಮತ್ತೆ ಕೂಡಿಕೊಳ್ಳುವ ರಭಸಕ್ಕೆ ಗೋಲಿ ಮುಂದಕ್ಕೆ ಚಿಮ್ಮುತ್ತದೆ. ಹಿಡಿಯ ಮೇಲ್ಭಾಗಕ್ಕೋ ಕೆಳಭಾಗಕ್ಕೋ ರಬ್ಬರ್ ಸೇರಿಸಿದರೆ ಗೋಲಿ ತಿರುಗುತ್ತಾ ಹೊರಡುತ್ತದೆ. ಆ ಸುತ್ತಿನಿಂದಾಗಿ ಅದು ಡಿಕ್ಕಿ ಹೊಡೆದ ಮೇಲೆ ಹೇಗೆ ಸಾಗಬೇಕೆಂಬುದು ಬದಲಾಗುತ್ತದೆ. ಇನ್ನು ನಮ್ಮ ಹುಡುಗನ ಕೈಯನ್ನು ನೋಡಿ. ಎಡಗೈಯ ಹೆಬ್ಬೆರಳನ್ನು ನೆಲಕ್ಕೆ ಊರುತ್ತಾನೆ, ನಡುಬೆರಳಿನ ತುದಿಗೆ ಗೋಲಿಯನ್ನು ಆನಿಸುತ್ತಾನೆ, ಬಲಗೈಯ ಬೆರಳುಗಳಿಂದ ಅದನ್ನು ಹಿಂದಕ್ಕೆ ಬಾಗಿಸಿ, ಒಂದು ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ಬಿಡುತ್ತಾನೆ. ಬಾಗಿದ ಬೆರಳು ತನ್ನ ಜಾಗಕ್ಕೆ ಮರಳುವ ಬಲವೇ ಗೋಲಿಯನ್ನು ಓಡಿಸುತ್ತದೆ. ಜಪಾನಿನ ಎಂಜಿನಿಯರುಗಳು ಪ್ಲಾಸ್ಟಿಕ್ಕಿನಲ್ಲಿ ಮಾಡಿದ್ದನ್ನು ನಮ್ಮ ಮುಳಬಾಗಿಲಿನ, ಶ್ರೀನಿವಾಸಪುರದ ಮಕ್ಕಳು ಯಾವ ಸಲಕರಣೆಯೂ ಇಲ್ಲದೆ ಬರಿಗೈಯಲ್ಲಿ ಮಾಡುತ್ತಾರೆ. ಎಂಟನೇ ತರಗತಿಯ ಹುಡುಗನೊಬ್ಬ ನಾಲ್ಕೈದು ಮಾರು ದೂರದ ಗೋಲಿಯನ್ನು ಒಂದೇ ಏಟಿಗೆ ಹೊಡೆದು, ತನ್ನ ಗೋಲಿ ಅದೇ ಜಾಗದಲ್ಲಿ ನಿಲ್ಲುವಂತೆ ಮಾಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದು ಅದೃಷ್ಟದ ಮಾತಲ್ಲ. ನೆಲದ ಇಳಿಜಾರು, ಮಣ್ಣಿನ ಗಟ್ಟಿತನ, ಗೋಲಿಯ ತೂಕ, ಬೆರಳಿನ ಬಾಗು ಎಲ್ಲವನ್ನೂ ಕ್ಷಣದಲ್ಲಿ ಅಂದಾಜು ಮಾಡುವ ಸಾಮರ್ಥ್ಯ ಅದು.

ಸರಣಿಯ ಕಥೆ ದೊಡ್ಡವರಿಗೆ ಬಾಲಿಶವೆನಿಸಬಹುದು. ಬ್ಯಾಟಲ್ ಬಿ-ಡಾಮನ್‌ನ ನಾಯಕ ಯಮಾಟೊ ಎಂಬ ಹುಡುಗ. ಬೆಕ್ಕುಗಳ ನಡುವೆ ಬೆಳೆದವನು. ಅವನ ಕೈಗೆ ‘ಕೋಬಾಲ್ಟ್ ಬ್ಲೇಡ್’ ಎಂಬ ವಿಶೇಷವಾದ ಬಿ-ಡಾಮನ್ ಬರುತ್ತದೆ. ಗ್ರೇ, ಟೆರಿ, ಬುಲ್ ಮುಂತಾದ ಗೆಳೆಯರೊಂದಿಗೆ ಅವನು ಪಂದ್ಯಗಳಲ್ಲಿ ಆಡುತ್ತಾ, ‘ಷಾಡೋ ಅಲಯನ್ಸ್’ ಎಂಬ ದುಷ್ಟಕೂಟವನ್ನು ಎದುರಿಸುತ್ತಾ ಹೋಗುತ್ತಾನೆ. ಗೋಲಿ ತಗುಲಿದಲ್ಲೆಲ್ಲ ಬೆಂಕಿ, ಮಿಂಚು, ಸಿಡಿಲು ಕಾಣಿಸುವುದು ಅತಿಯೆಂದು ನಾನೂ ಒಪ್ಪುತ್ತೇನೆ. ಆದರೆ ಮೊಮ್ಮಗನ ಗಮನ ಎಲ್ಲಿತ್ತೆಂಬುದನ್ನು ನೋಡುತ್ತಾ ಕುಳಿತಾಗ ನನಗೆ ಬೇರೆ ಸಂಗತಿ ಕಂಡಿತು. ಪ್ರತಿ ಪಂದ್ಯಕ್ಕೂ ಮುಂಚೆ ಆಟದ ನಿಯಮವನ್ನು ಅವನು ಕಿವಿಗೊಟ್ಟು ಕೇಳುತ್ತಿದ್ದ. ಒಂದು ಆಟದಲ್ಲಿ ಎದುರಾಳಿಯ ಗುರಿಫಲಕವನ್ನು ಹೊಡೆಯಬೇಕು, ಇನ್ನೊಂದರಲ್ಲಿ ಸಾಲಾಗಿ ನಿಲ್ಲಿಸಿದ್ದನ್ನು ಉರುಳಿಸಬೇಕು, ಮತ್ತೊಂದರಲ್ಲಿ ಹೊಡೆತದ ವೇಗಕ್ಕಿಂತ ನಿಖರತೆಗೆ ಬೆಲೆ. ಬಲವಾಗಿ ಹೊಡೆಯುವವನೊಬ್ಬ, ಗುರಿ ತಪ್ಪದವನೊಬ್ಬ, ಬೇಗಬೇಗ ಹಾರಿಸುವವನೊಬ್ಬ ಎಂದು ಆಟಗಾರರಿಗೆ ಬೇರೆ ಬೇರೆ ಗುಣಗಳಿವೆ. ಯಾರ ಗುಣ ಯಾವ ಆಟಕ್ಕೆ ಒದಗುತ್ತದೆಂದು ಮಗು ಮುಂದಾಗಿಯೇ ಲೆಕ್ಕ ಹಾಕುತ್ತದೆ. ಮೋಸದಿಂದ ಗೆದ್ದವನನ್ನು ಕಥೆ ಗೆದ್ದವನೆಂದು ಒಪ್ಪುವುದಿಲ್ಲ. ಅಂದರೆ ಗೋಲಿಯಾಟಕ್ಕೆ ಅಲ್ಲಿ ಒಂದು ಅಂಗಳ ಸಿಕ್ಕಿದೆ, ನಿಯಮ ಸಿಕ್ಕಿದೆ, ಚೆನ್ನಾಗಿ ಆಡುವವನಿಗೆ ಹೆಸರು ಸಿಕ್ಕಿದೆ. ನಮ್ಮ ಮಕ್ಕಳ ಆಟಕ್ಕೆ ಇಲ್ಲದಿರುವುದು ಇವೇ.

ಈ ಸರಣಿ ಆಟಿಕೆ ಮಾರುವುದಕ್ಕಾಗಿಯೇ ಹುಟ್ಟಿದ್ದು ಎಂಬ ಆಕ್ಷೇಪ ನಿಜ. ಕಥೆಯಲ್ಲಿ ಹೊಸ ಬೊಂಬೆ ಬಂದಾಗ ಅಂಗಡಿಯಲ್ಲೂ ಅದು ಬರುತ್ತಿತ್ತು. ನಾಯಕನ ಬೊಂಬೆಗೆ ಹೊಸ ಭಾಗ ಜೋಡಿಸಿದರೆ ಆ ಭಾಗಕ್ಕೂ ಬೆಲೆಯ ಚೀಟಿ ಅಂಟುತ್ತಿತ್ತು. ಇದನ್ನು ಮಕ್ಕಳಿಗೆ ಬಿಡಿಸಿ ಹೇಳಲೇಬೇಕು. ಮಕ್ಕಳು ಹಟ ಹಿಡಿದಾಗ ಕೂಲಿ ಮಾಡುವ ತಂದೆತಾಯಿ ಎಲ್ಲಿಗೆ ಹೋಗಬೇಕು? ವಿದೇಶಿ ಆಟಿಕೆಗಳ ಮೇಲಿನ ಆಮದು ಸುಂಕವನ್ನು ಕೇಂದ್ರ ಸರ್ಕಾರ 2020ರಲ್ಲಿ ಶೇ 20ರಿಂದ ಶೇ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿಸಿದೆ. 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಹಾಗಾಗಿ ಈ ಬೊಂಬೆಗಳು ಕೋಲಾರದ ಅಂಗಡಿಗಳಿಗೆ ಅಗ್ಗವಾಗಿ ಬರುವ ಸಂಭವ ಕಡಿಮೆ. ಅವು ನಮಗೆ ಬೇಕಾಗಿಯೂ ಇಲ್ಲ ಎಂಬುದೇ ನನ್ನ ವಾದ. ಒಂದು ಮುಷ್ಟಿ ಗೋಲಿಗೆ ಒಂದು ಪೆನ್ನಿನಷ್ಟು ಬೆಲೆಯೂ ಆಗುವುದಿಲ್ಲ. ಶಿವರಾತ್ರಿಯ ಹೊತ್ತಿನ ಆವಣಿ ಜಾತ್ರೆಗೆ ಹೋದರೆ ರಾಟೆಯ ಪಕ್ಕದ ಆಟಿಕೆ ಅಂಗಡಿಯಲ್ಲಿ ಬಲೆಯ ಚೀಲದೊಳಗೆ ಕಟ್ಟಿಟ್ಟ ಗೋಲಿಗಳು ಸಿಗುತ್ತವೆ. ಆಟದ ವಸ್ತು ನಮ್ಮಲ್ಲಿದೆ, ಆಡುವ ಕೈಯೂ ಇದೆ.

ಹಾಗಿದ್ದೂ ಗೋಲಿಯ ಬಗ್ಗೆ ನಮಗೆ ತಾತ್ಸಾರ ಏಕೆ? ಓದು ಬಿಟ್ಟು ಅಲೆಯುವ ಪೋಲಿ ಹುಡುಗರ ಆಟವೆಂಬ ಹೆಸರು ಅದಕ್ಕೆ ಅಂಟಿಕೊಂಡಿದೆ. ಗೆದ್ದವನು ಸೋತವನ ಗೋಲಿಗಳನ್ನು ಜೇಬಿಗಿಳಿಸುವುದರಿಂದ ಜೂಜೆಂಬ ಆರೋಪವೂ ಇದೆ. ಸೋತವನು ಮುಷ್ಟಿಯನ್ನು ನೆಲಕ್ಕಿಟ್ಟು ಬೆರಳಿನ ಗೆಣ್ಣುಗಳ ಮೇಲೆ ಏಟು ತಿನ್ನಬೇಕಾದ ಶಿಕ್ಷೆಯ ಆಟವಂತೂ ಎಷ್ಟೋ ಜಗಳಗಳಿಗೆ ಕಾರಣವಾಗಿದೆ. ಇದಾವುದೂ ಸುಳ್ಳಲ್ಲ. ಆದರೆ ಈ ದೋಷಗಳೆಲ್ಲ ಬಂದಿರುವುದು ಆಟವನ್ನು ಹಿರಿಯರು ಕೈಬಿಟ್ಟಿದ್ದರಿಂದ. ಕಬಡ್ಡಿಯೂ ಒಂದು ಕಾಲಕ್ಕೆ ಕೆರೆಯಂಗಳದ, ಕಣದ ಆಟವಾಗಿತ್ತು. ಅದಕ್ಕೆ ಅಂಕಣದ ಅಳತೆ, ಆಟಗಾರರ ಸಂಖ್ಯೆ, ತೀರ್ಪುಗಾರರು ಎಂದೆಲ್ಲ ಗೊತ್ತುಮಾಡಿದ ಮೇಲೆ ಅದು ಏಷ್ಯನ್ ಕ್ರೀಡಾಕೂಟದವರೆಗೂ ಹೋಯಿತು. ಗೋಲಿಗೆ ಅಂಥ ಕೆಲಸವನ್ನು ಯಾರೂ ಮಾಡಲಿಲ್ಲ. ಅದರಿಂದಾಗಿ ಒಂದು ಊರಿನಲ್ಲಿ ಗುಳಿ ತೋಡಿ ಆಡುತ್ತಾರೆ, ಪಕ್ಕದ ಊರಿನಲ್ಲಿ ವೃತ್ತ ಎಳೆದು ಆಡುತ್ತಾರೆ, ಇನ್ನೊಂದು ಕಡೆ ಗೋಡೆಗೆ ಹೊಡೆದು ಗೇಣಿನಲ್ಲಿ ಅಳೆಯುತ್ತಾರೆ. ವೈವಿಧ್ಯ ಒಳ್ಳೆಯದೇ, ಆದರೆ ಎರಡು ಊರಿನ ಮಕ್ಕಳು ಸೇರಿದಾಗ ಆಟಕ್ಕಿಂತ ತಕರಾರೇ ಹೆಚ್ಚಾಗುತ್ತದೆ.

ಬರೆದಿಟ್ಟ ನಿಯಮಗಳಿಂದ ಗೋಲಿಯಾಟ ಎಷ್ಟು ಅಚ್ಚುಕಟ್ಟಾಗಬಲ್ಲದೆಂಬುದಕ್ಕೆ ಬೇರೆ ದೇಶಗಳಲ್ಲಿ ಹಳೆಯ ನಿದರ್ಶನಗಳಿವೆ. ಇಂಗ್ಲೆಂಡಿನ ಟಿನ್ಸ್‌ಲೀ ಗ್ರೀನ್ ಎಂಬ ಊರಿನಲ್ಲಿ 1932ರಿಂದ ಗುಡ್ ಫ್ರೈಡೇ ದಿನ ಗೋಲಿಯ ಚಾಂಪಿಯನ್‌ಶಿಪ್ ನಡೆಯುತ್ತಿದೆ. ಮರಳು ಹರಡಿದ ಆರಡಿ ಅಗಲದ ವೃತ್ತದಲ್ಲಿ 49 ಗೋಲಿಗಳನ್ನು ಇಡುತ್ತಾರೆ. ಆರು ಜನರ ಎರಡು ತಂಡಗಳಲ್ಲಿ ಮೊದಲು 25 ಗೋಲಿಗಳನ್ನು ವೃತ್ತದಿಂದ ಹೊರಗೆ ಹಾರಿಸಿದ ತಂಡ ಗೆದ್ದಂತೆ. ಅಮೆರಿಕದಲ್ಲಿ 1922ರಿಂದ ಮಕ್ಕಳಿಗಾಗಿಯೇ ರಾಷ್ಟ್ರೀಯ ಗೋಲಿ ಪಂದ್ಯಾವಳಿ ಇದೆ. ಅಲ್ಲಿ ಹತ್ತು ಅಡಿ ಅಗಲದ ವೃತ್ತದ ನಡುವೆ 13 ಗೋಲಿಗಳು. ಅದರಲ್ಲಿ ಏಳನ್ನು ಮೊದಲು ಹೊರಗಟ್ಟಿದವರು ಗೆದ್ದವರು. ಹೊಡೆಯುವಾಗ ಕೈಬೆರಳಿನ ಒಂದು ಗೆಣ್ಣಾದರೂ ನೆಲಕ್ಕೆ ತಾಗಿರಬೇಕು. ಹುಡುಗರಿಗೂ ಹುಡುಗಿಯರಿಗೂ ಬೇರೆ ಬೇರೆ ಪ್ರಶಸ್ತಿಗಳಿವೆ. ಇಂಥ ನಿಯಮಗಳನ್ನು ಒಂದು ಹಾಳೆಯಲ್ಲಿ ಬರೆಯಬಹುದು. ಇವನ್ನು ನಾವು ಹಾಗೆಯೇ ತೆಗೆದುಕೊಳ್ಳಬೇಕೆಂದಿಲ್ಲ. ನಮ್ಮ ಗುಳಿಯಾಟಕ್ಕೂ ವೃತ್ತದಾಟಕ್ಕೂ ನಮ್ಮದೇ ಅಳತೆಗಳನ್ನು ಗೊತ್ತುಮಾಡಿಕೊಳ್ಳಬಹುದು.

ನಾನು ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಇನ್ನೊಂದು ಕಾರಣವಿದೆ. ಹೋಬಳಿ ಮಟ್ಟದ ಕ್ರೀಡಾಕೂಟಕ್ಕೆ ತಂಡ ಆರಿಸುವ ದಿನ ಯಾವುದೇ ಶಾಲೆಯ ಮೈದಾನಕ್ಕೆ ಹೋಗಿ ನಿಂತು ನೋಡಿ. ಕಬಡ್ಡಿಗೆ ಗಟ್ಟಿಮುಟ್ಟಾದವರು, ವಾಲಿಬಾಲ್‌ಗೆ ಎತ್ತರದವರು, ಓಟಕ್ಕೆ ಚುರುಕಾದವರು ಆಯ್ಕೆಯಾಗುತ್ತಾರೆ. ಉಳಿದವರು ಚಪ್ಪಾಳೆ ತಟ್ಟಲು, ನೀರು ತಂದುಕೊಡಲು, ಬೆಂಚು ಹೊರಲು. ತೆಳ್ಳಗಿನ ಮಗು, ಕುಳ್ಳಗಿನ ಮಗು, ಕಾಲಿನಲ್ಲಿ ಊನವಿರುವ ಮಗು ಹತ್ತು ವರ್ಷ ಶಾಲೆಯಲ್ಲಿದ್ದರೂ ಒಮ್ಮೆಯೂ ಎದೆಗೆ ನಂಬರಿನ ಬಟ್ಟೆ ಕಟ್ಟಿಕೊಳ್ಳುವುದಿಲ್ಲ. ಪೋಲಿಯೋದಿಂದ ಒಂದು ಕಾಲು ಸೊರಗಿದ್ದ ವಿದ್ಯಾರ್ಥಿಯೊಬ್ಬ ನನ್ನ ಸೇವೆಯ ಕಾಲದಲ್ಲಿ ಇದ್ದ. ಬಿಡುವಿನ ವೇಳೆಯಲ್ಲಿ ಹುಣಸೆಮರದ ಕೆಳಗೆ ಅವನು ಗೋಲಿ ಹಿಡಿದು ಕುಳಿತನೆಂದರೆ ದೊಡ್ಡ ತರಗತಿಯ ಹುಡುಗರೂ ಅವನ ಕಡೆಗೇ ಸೇರಿಕೊಳ್ಳಲು ಹಾತೊರೆಯುತ್ತಿದ್ದರು. ಕ್ರೀಡಾಕೂಟದ ಪಟ್ಟಿಯಲ್ಲಿ ಅವನ ಹೆಸರು ಬರೆಯಲು ಯಾವ ಆಟವೂ ಇರಲಿಲ್ಲ. ಗೋಲಿ ಇದ್ದಿದ್ದರೆ ಅವನು ತಾಲ್ಲೂಕು ಮಟ್ಟಕ್ಕೆ ಖಂಡಿತ ಹೋಗುತ್ತಿದ್ದ. ಹೆಣ್ಣುಮಕ್ಕಳ ಮಾತೂ ಹೀಗೆಯೇ. ಗೋಲಿ ಗಂಡುಹುಡುಗರದ್ದು, ಕುಂಟೆಬಿಲ್ಲೆ ಹೆಣ್ಣುಮಕ್ಕಳದ್ದು ಎಂಬ ಹಂಚಿಕೆಯನ್ನು ಯಾರೂ ಪ್ರಶ್ನಿಸಲಿಲ್ಲ. ಬೆರಳಿನ ಹಿಡಿತ, ಕಣ್ಣಿನ ಅಂದಾಜು ಯಾವ ಒಂದು ಪಂಗಡದ ಸ್ವತ್ತೂ ಅಲ್ಲ.

ಶಿಕ್ಷಕ ಮಿತ್ರರಿಗೆ ಇದು ಹೆಚ್ಚಿನ ಹೊರೆಯಾಗದು. ಮೈದಾನವೇ ಇಲ್ಲದ ಶಾಲೆಯಲ್ಲೂ ಹತ್ತಡಿ ಜಾಗ ಸಿಗುತ್ತದೆ. ಜೂಜಿನ ದೋಷವನ್ನು ತಪ್ಪಿಸಲು ಗೋಲಿಗಳು ಶಾಲೆಯವೇ ಆಗಿರಬೇಕು. ಆಟ ಮುಗಿದೊಡನೆ ಎಲ್ಲವೂ ಡಬ್ಬಿಗೆ ಮರಳಬೇಕು. ಅಂಕ ಮಾತ್ರ ಪುಸ್ತಕದಲ್ಲಿ ಉಳಿಯಬೇಕು. ಗೆಣ್ಣಿಗೆ ಹೊಡೆಯುವ ಶಿಕ್ಷೆಯನ್ನು ಪೂರ್ತಿ ಕೈಬಿಡಬೇಕು. ಗೋಲಿ ನೆಲದ ಮೇಲೆ ಉರುಳಬೇಕೇ ಹೊರತು ಎದೆಯೆತ್ತರಕ್ಕೆ ಹಾರಬಾರದು. ಸರಣಿಯನ್ನು ನೋಡಿದ ಮಕ್ಕಳು ಕವಣೆಯಲ್ಲಿ ಗೋಲಿಯಿಟ್ಟು ಒಬ್ಬರ ಮೇಲೊಬ್ಬರು ಹೊಡೆಯುವ ಅಪಾಯವಿರುವುದರಿಂದ ಇದನ್ನು ಮೊದಲ ದಿನವೇ ಕಟ್ಟುನಿಟ್ಟಾಗಿ ಹೇಳಬೇಕು. ಬಾಯಿಗೆ ಹಾಕಿಕೊಳ್ಳುವ ವಯಸ್ಸಿನ ಕೂಸುಗಳ ಕೈಗೆ ಗೋಲಿ ಸಿಗದಂತೆ ಅಂಗನವಾಡಿ ಇರುವ ಆವರಣಗಳಲ್ಲಿ ವಿಶೇಷ ಎಚ್ಚರ ಬೇಕು. ವಿಜ್ಞಾನದ ಶಿಕ್ಷಕರು ಮನಸ್ಸು ಮಾಡಿದರೆ ಸಂವೇಗ, ಘರ್ಷಣೆ, ಸ್ಥಿತಿಸ್ಥಾಪಕತ್ವದ ಪಾಠಗಳಿಗೆ ಇದಕ್ಕಿಂತ ಅಗ್ಗದ ಪ್ರಯೋಗ ಸಾಮಗ್ರಿ ಸಿಗಲಾರದು. ಒಂದು ಗೋಲಿ ಇನ್ನೊಂದಕ್ಕೆ ನೇರವಾಗಿ ತಗುಲಿ ತಾನು ನಿಂತು ಅದನ್ನು ಓಡಿಸುವುದನ್ನು ಕಂಡ ಮಗುವಿಗೆ ಸಂವೇಗದ ಪಾಠ ಕಷ್ಟವಾಗುವುದಿಲ್ಲ.

ಇದರ ಜೊತೆಗೆ ಸೇರಿಸಬೇಕಾದ ಮಾತು ಭಾಷೆಯದು. ನಮ್ಮದು ಗಡಿ ಜಿಲ್ಲೆ. ಇಲ್ಲಿನ ಅನೇಕ ಮಕ್ಕಳಿಗೆ ಮನೆಮಾತು ತೆಲುಗು, ಶಾಲೆಯ ಭಾಷೆ ಕನ್ನಡ, ಕಾರ್ಟೂನು ನೋಡುವುದು ಹಿಂದಿಯಲ್ಲೋ ತೆಲುಗಿನಲ್ಲೋ. ಕನ್ನಡದಲ್ಲಿ ಮಕ್ಕಳಿಗಾಗಿಯೇ ಚಿಂಟು ಟಿ.ವಿ. 2009ರಲ್ಲಿ ಆರಂಭವಾದಾಗ ನಮ್ಮ ಮಕ್ಕಳು ಕಾರ್ಟೂನಿನ ಮಾತುಗಳನ್ನು ಕನ್ನಡದಲ್ಲಿ ಹೇಳಿಕೊಂಡು ಆಡಿದ್ದನ್ನು ನಾನು ನೋಡಿದ್ದೇನೆ. ಡಬ್ಬಿಂಗ್ ತಡೆಯುವುದು ಸರಿಯಲ್ಲವೆಂದು ಭಾರತೀಯ ಸ್ಪರ್ಧಾ ಆಯೋಗ 2015ರಲ್ಲೇ ಆದೇಶ ನೀಡಿದೆ. ಹೀಗಿರುವಾಗ ಆಟಗಳನ್ನು ಕುರಿತ ಇಂಥ ಸರಣಿಗಳು ಕನ್ನಡದಲ್ಲಿ ಬರಲು ಅಡ್ಡಿಯೇನೂ ಇರಬಾರದು. ಗುರಿ, ಗುಳಿ, ಗೆರೆ, ಸರದಿ, ಏಟು ಎಂಬ ಮಾತುಗಳೆಲ್ಲ ಗೋಲಿ ಆಡುವ ಮಕ್ಕಳ ಬಾಯಲ್ಲಿ ಈಗಾಗಲೇ ಇವೆ; ಕನ್ನಡದಲ್ಲಿ ಬರೆಯುವವರು ಅವನ್ನು ಬಳಸಿಕೊಂಡರೆ ಸಾಕು. ನಮ್ಮಲ್ಲೇ ಆನಿಮೇಷನ್ ಕಲಿತ ಯುವಕರು ಬೆಂಗಳೂರಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಕೋಲಾರದ ಕೆಮ್ಮಣ್ಣಿನ ಮೇಲೆ ಗೋಲಿ ಆಡುವ ಹುಡುಗಿಯೊಬ್ಬಳನ್ನು ನಾಯಕಿಯಾಗಿ ಮಾಡಿಕೊಂಡು ಅವರು ಕಥೆ ಕಟ್ಟಿದರೆ ಅದನ್ನು ಮೊದಲು ಕುಳಿತು ನೋಡುವವರಲ್ಲಿ ನಾನೂ ಒಬ್ಬ.

ಈಗ ನನ್ನ ಬೇಡಿಕೆಯನ್ನು ಸ್ಪಷ್ಟವಾಗಿ ಹೇಳುತ್ತೇನೆ. ಜಿಲ್ಲೆಯ ಕ್ಷೇತ್ರ ಶಿಕ್ಷಣಾಧಿಕಾರಿಗಳು ಮತ್ತು ದೈಹಿಕ ಶಿಕ್ಷಣ ಪರಿವೀಕ್ಷಕರು ಮುಂದಿನ ಹೋಬಳಿ ಮಟ್ಟದ ಕ್ರೀಡಾಕೂಟದಲ್ಲಿ ಗೋಲಿಯನ್ನು ಪ್ರದರ್ಶನದ ಆಟವಾಗಿಯಾದರೂ ಸೇರಿಸಲಿ. ಇಡೀ ಜಿಲ್ಲೆಯಲ್ಲಿ ಸಾಧ್ಯವಾಗದಿದ್ದರೆ ಒಂದೇ ಹೋಬಳಿಯಲ್ಲಿ ಆರಂಭವಾಗಲಿ. ಹುಡುಗರಿಗೂ ಹುಡುಗಿಯರಿಗೂ ಪ್ರತ್ಯೇಕ ಬಹುಮಾನವಿರಲಿ. ಅಂಗವಿಕಲ ಮಕ್ಕಳು ಬೇರೆ ಸಾಲಿನಲ್ಲಿ ನಿಲ್ಲದೆ ಎಲ್ಲರೊಂದಿಗೇ ಆಡಲಿ. ಮುಳಬಾಗಿಲು ತಾಲ್ಲೂಕಿನ ಕೆಲವು ಊರುಗಳಲ್ಲಿ ಆಡುವ ಗುಳಿಯಾಟದ ಮತ್ತು ವೃತ್ತದಾಟದ ನಿಯಮಗಳನ್ನು ಹಿರಿಯರಿಂದಲೂ ಮಕ್ಕಳಿಂದಲೂ ಕೇಳಿ ನಾನು ಬರೆದಿಟ್ಟಿದ್ದೇನೆ. ಗುಳಿಯ ಆಳ, ಗೆರೆಯ ದೂರ, ಯಾರು ಮೊದಲು ಹೊಡೆಯಬೇಕೆಂಬುದನ್ನು ತೀರ್ಮಾನಿಸುವ ಕ್ರಮ, ಗೋಲಿ ಕಲ್ಲಿಗೋ ಕಾಲಿಗೋ ತಗುಲಿದರೆ ಏನು ಮಾಡಬೇಕೆಂಬುದು ಅದರಲ್ಲಿದೆ. ಯಾವ ಶಾಲೆಯವರು ಕೇಳಿದರೂ ಅದರ ಪ್ರತಿಯನ್ನು ಕೊಡುತ್ತೇನೆ. ಕರೆದರೆ ತೀರ್ಪುಗಾರನಾಗಿ ನನ್ನದೇ ಖರ್ಚಿನಲ್ಲಿ ಬರುತ್ತೇನೆ. ಬಂಗಾರಪೇಟೆ, ಮಾಲೂರು, ಶ್ರೀನಿವಾಸಪುರ, ಕೆ.ಜಿ.ಎಫ್. ಕಡೆಯ ಓದುಗರು ತಮ್ಮ ಊರಿನ ಗೋಲಿಯಾಟದ ನಿಯಮಗಳನ್ನು ಬರೆದು ಕಳುಹಿಸುವಂತೆ ತಾವು ಪತ್ರಿಕೆಯಲ್ಲಿ ಒಂದು ಚಿಕ್ಕ ಪ್ರಕಟಣೆ ಕೊಟ್ಟರೆ, ಅವನ್ನೆಲ್ಲ ಒಟ್ಟುಗೂಡಿಸಿ ಹೊಂದಿಸುವ ಕೆಲಸವನ್ನು ನಾನು ವಹಿಸಿಕೊಳ್ಳಲು ಸಿದ್ಧನಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ,
ಮುಳಬಾಗಿಲು ತಾಲ್ಲೂಕು, ಕೋಲಾರ ಜಿಲ್ಲೆ